ಆಪರೇಶನ್ನಿನ ಹಿಂದಿನ ರಾತ್ರಿ

ರಾತ್ರಿ ಹತ್ತೂವರೆಗೆ ವಾರ್ಡಿನ ಹುಡುಗ ಬಂದು ಮಂಚದ ಕಾಲಿಗೆ ಒಂದು ಚೀಟಿ ಕಟ್ಟಿ ಹೋದ. ಹನ್ನೆರಡು ಗಂಟೆಯ ಮೇಲೆ ಗುಟುಕು ನೀರನ್ನೂ ಕುಡಿಯಬಾರದು ಎಂದು ತೆಲುಗು, ಹಿಂದಿ, ಇಂಗ್ಲಿಷ್ ಮೂರರಲ್ಲೂ ಅದರ ಮೇಲೆ ಬರೆದಿತ್ತು. ಊರು ಹೈದರಾಬಾದು. 2025ರ ಜನವರಿ, ಸಂಕ್ರಾಂತಿಗೆ ಇನ್ನೂ ನಾಲ್ಕೈದು ದಿನ. ಮರುದಿನ ಬೆಳಿಗ್ಗೆ ಎಂಟಕ್ಕೆ ನನ್ನ ಹೊಟ್ಟೆಯೊಳಗಿನ ಜಠರದ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆಯುವವರಿದ್ದರು. ಹುಣ್ಣಾದ ಜಠರವಲ್ಲ, ಗಂಟಾದ ಜಠರವಲ್ಲ. ಐವತ್ತನಾಲ್ಕು ವರ್ಷ ಹಾಕಿದ್ದನ್ನೆಲ್ಲ ಅರಗಿಸಿಕೊಂಡು, ಒಂದು ದಿನವೂ ಮುನಿಯದೆ ದುಡಿದ ಜಠರ. ಅದನ್ನು ತೆಗೆಸಿಕೊಳ್ಳಲು ನಾನೇ ಕಾಗದಕ್ಕೆ ಸಹಿ ಹಾಕಿ ಬಂದು ಮಲಗಿದ್ದೆ.

ನಮ್ಮವರು ಪಕ್ಕದ ಬೆಂಚಿನ ಮೇಲೆ ಚಾದರ ಹೊದ್ದು ಮಲಗಿದ್ದರು. ನನಗೆ ಒಮ್ಮೆಲೇ ಎದ್ದು ಹೊರಟುಬಿಡೋಣ ಅನ್ನಿಸಿತು. ಸೊಲ್ಲಾಪುರದ ಕಡೆ ಹೋಗುವ ಬಸ್ಸುಗಳು ರಾತ್ರಿಯೆಲ್ಲ ಓಡುತ್ತವೆ. ಈಗ ಹತ್ತಿದರೆ ಬೆಳಗಾಗುವುದರೊಳಗೆ ಉಮರ್ಗಾದಲ್ಲಿ ಇಳಿದು, ಕೀಲಿ ತೆಗೆದು, ಚಹಕ್ಕೆ ಇಡಬಹುದು. ಚಪ್ಪಲಿ ಎಲ್ಲಿವೆ ಎಂದು ಮಂಚದ ಕೆಳಗೆ ಕಾಲಾಡಿಸಿದ್ದೂ ನಿಜ.

ಈ ಒಂದು ರಾತ್ರಿಯ ಸಂಗತಿಯನ್ನು ಬರೆಯಬೇಕೆಂದು ಬಹಳ ದಿನದಿಂದ ಇತ್ತು. ಇಂಥ ಆಪರೇಶನ್ ಮಾಡಿಸಿಕೊಂಡವರು ಮೊದಲಿನ ತೂಕ ಇಷ್ಟು, ಈಗಿನ ತೂಕ ಇಷ್ಟು ಎಂದು ಹೇಳುತ್ತಾರೆ. ನಡುವಿನ ಆ ರಾತ್ರಿಯ ಮಾತನ್ನು ಯಾರೂ ಹೇಳುವುದಿಲ್ಲ.

ಮರಾಠವಾಡಾದ ಒಬ್ಬ ಹೆಂಗಸು ಇದನ್ನು ಕನ್ನಡ-ಮಲಯಾಳಂ ವಾರ್ಷಿಕಕ್ಕೆ ಏಕೆ ಬರೆಯುತ್ತಾಳೆ ಎಂದು ನೀವು ಕೇಳಬಹುದು. ಅದಕ್ಕೆ ಎರಡು ಕಾರಣಗಳಿವೆ. ಎರಡನೆಯದನ್ನು ಆಮೇಲೆ ಹೇಳುತ್ತೇನೆ. ಮೊದಲನೆಯದು ನಿಮಗೆ ಗೊತ್ತಿರುವ ತಾರೀಖು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಿಂದ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳನ್ನು ಬಿಡಿಸಿ ಮುಂಬಯಿ ರಾಜ್ಯಕ್ಕೆ ಕೊಟ್ಟರು. ಉಳಿದ ಬೀದರದ ಬಹುಭಾಗ ಮೈಸೂರಿಗೆ ಹೋಯಿತು. 1960ರಲ್ಲಿ ನಾವು ಮಹಾರಾಷ್ಟ್ರದವರಾದೆವು, 1982ರಲ್ಲಿ ನಿಲಂಗಾ, ಉದಗೀರಗಳು ಹೊಸ ಲಾತೂರು ಜಿಲ್ಲೆಗೆ ಬಂದವು. ನನ್ನ ಗಂಡನ ಊರು ಉಮರ್ಗಾ ಮೊದಲಿನಿಂದಲೂ ಉಸ್ಮಾನಾಬಾದ್ ಜಿಲ್ಲೆಯದು. ಆ ಜಿಲ್ಲೆಗೆ ಈಗ ಧಾರಾಶಿವ ಎಂದು ಹೆಸರು. ತವರು ನಿಲಂಗಾ ತಾಲೂಕಿನ ಹಳ್ಳಿ. ಅಕ್ಕನನ್ನು ಕೊಟ್ಟದ್ದು ಉದಗೀರಕ್ಕೆ. ನಾವು ಯಾರೂ ಮನೆ ಬದಲಿಸಲಿಲ್ಲ, ಗಡಿ ನಮ್ಮನ್ನು ದಾಟಿಕೊಂಡು ಹೋಯಿತು ಎಂದು ಅಪ್ಪ ಹೇಳುತ್ತಿದ್ದರು.

ಶಾಲೆಯಲ್ಲಿ ನಾನು ಕಲಿತದ್ದು ಮರಾಠಿ, ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ್ದೂ ಮರಾಠಿಯಲ್ಲೇ. ಬಜಾರಿನಲ್ಲಿ ಮರಾಠಿ ಇಲ್ಲವೇ ದಖನಿ ಹಿಂದಿ. ಕನ್ನಡದ ಅಕ್ಷರವನ್ನು ಅಪ್ಪ ಸಂಜೆ ಹೊತ್ತು ಪಾಟಿಯ ಮೇಲೆ ತಿದ್ದಿಸಿದರು. ಮಾತಿನ ಕನ್ನಡ ಮಾತ್ರ ಅಡಿಗೆಮನೆಯದು. ಒಲೆಯ ಮುಂದೆ ಕುಳಿತ ಅವ್ವ ಮರಾಠಿಯಲ್ಲಿ ಒಂದು ದಿನವೂ ನಮ್ಮನ್ನು ಊಟಕ್ಕೆ ಕರೆಯಲಿಲ್ಲ. ಉಣ್ಣು, ಬಡಿಸು, ಇನ್ನೊಂದಿಷ್ಟು ಹಾಕಿಕೋ, ತುಪ್ಪ ಸಾಲದು ನೋಡು. ನಮ್ಮ ಮನೆಗಳಲ್ಲಿ ಉಳಿದಿರುವ ಕನ್ನಡವನ್ನು ಕೂಡಿಸಿದರೆ ಅರ್ಧಕ್ಕಿಂತ ಹೆಚ್ಚು ಇಂಥ ಮಾತುಗಳೇ ಸಿಕ್ಕಾವು. ಅದರಲ್ಲೂ ನಮ್ಮ ಕಡೆ ಬಡಿಸುವಾಗ ಮೊದಲನೆಯ ‘ಸಾಕು’ವನ್ನು ಯಾರೂ ನಂಬುವುದಿಲ್ಲ. ಎರಡನೆಯದನ್ನೂ ನಂಬುವುದಿಲ್ಲ. ಮೂರನೆಯ ಸಲ ಎರಡೂ ಕೈ ತಾಟಿನ ಮೇಲೆ ಅಡ್ಡ ಹಿಡಿದರೆ, ಕೈಯ ಸಂದಿಯಿಂದಲೇ ಒಂದು ಹೋಳಿಗೆ ಜಾರಿಸುತ್ತಾರೆ. ಪ್ರೀತಿಯ ಲೆಕ್ಕ ಆ ಜಾರಿಸಿದ ಹೋಳಿಗೆಯಲ್ಲಿ.

ಇದನ್ನು ನೆಪವೆಂದು ಹೇಳುತ್ತಿಲ್ಲ. ನನ್ನ ಮೈಗೆ ನಾನೇ ಜವಾಬ್ದಾರಿ. ಆದರೆ ನಾನು ಹೆದರಿದ್ದು ಏಕೆಂದು ತಿಳಿಯಬೇಕಾದರೆ ಈ ಅಡಿಗೆಮನೆ ನಿಮಗೆ ಗೊತ್ತಿರಬೇಕು.

ನಮ್ಮ ಅವ್ವ ದೊಡ್ಡ ಮೈಯವಳು. ಕುಳಿತಲ್ಲೇ ನಿದ್ದೆ ಹೋಗುತ್ತಿದ್ದಳು. ಗೊರಕೆಯ ನಡುವೆ ಉಸಿರು ನಿಂತು, ನಾವು ಮಕ್ಕಳು ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಮತ್ತೆ ಹತ್ತಿಕೊಳ್ಳುತ್ತಿತ್ತು. ಅದನ್ನು ನಾವು ನಗೆಯಾಗಿ ಆಡಿಕೊಂಡೆವು. ಸಕ್ಕರೆ ಕಾಯಿಲೆ ಬಂತು, ಮೊಣಕಾಲು ಹೋದವು. 2011ರಲ್ಲಿ ಒಂದು ಬೆಳಗಿನ ಜಾವ ನಿದ್ದೆಯಲ್ಲೇ ತೀರಿಹೋದಳು. ಅರವತ್ತಮೂರು ವರ್ಷ. ಪುಣ್ಯದ ಸಾವು ಎಂದರು ಬಂದವರೆಲ್ಲ.

ನನಗೂ ಅದೇ ಮೈ ಬಂತು. ಎತ್ತರ 154 ಸೆಂಟಿಮೀಟರ್, ತೂಕ ಏರುತ್ತ ಏರುತ್ತ 112 ಕಿಲೋ. ಡಾಕ್ಟರರ ಲೆಕ್ಕದಲ್ಲಿ ಬಿಎಂಐ 47. ಭಾರತದವರಿಗೆ 25 ದಾಟಿದರೇ ಬೊಜ್ಜು ಎನ್ನುತ್ತಾರೆ. ಆರು ವರ್ಷದಿಂದ ಸಕ್ಕರೆ, ಅದಕ್ಕೂ ಮೊದಲಿನಿಂದ ರಕ್ತದೊತ್ತಡ. ನಿಲಂಗಾದಲ್ಲಿ ಒಂದು ಮದುವೆಯ ಪಂಗತಿಯ ಹೊತ್ತಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಕಾಲು ಮುರಿದು ನೂರಾರು ಜನರ ನಡುವೆ ಬಿದ್ದೆ. ಎಬ್ಬಿಸಲು ನಾಲ್ವರು ಬಂದರು. ಎಲ್ಲರಿಗಿಂತ ಮೊದಲು ನಾನೇ ನಕ್ಕೆ. ದಪ್ಪ ಇರುವವರಿಗೆ ಆ ವಿದ್ಯೆ ಬೇಗ ಬರುತ್ತದೆ.

ತೂಕ ಇಳಿಸಲು ಮಾಡದ ಉಪಾಯವಿಲ್ಲ. ಲಾತೂರಿನ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ಜಗನ್ನಾಥ ದೀಕ್ಷಿತರ ಹೆಸರು ಮಹಾರಾಷ್ಟ್ರದಲ್ಲಿ ಗೊತ್ತಿಲ್ಲದವರಿಲ್ಲ. ದಿನಕ್ಕೆ ಎರಡೇ ಊಟ, ಒಂದೊಂದನ್ನು 55 ನಿಮಿಷದೊಳಗೆ ಮುಗಿಸಬೇಕು, ನಡುವೆ ಏನೂ ಇಲ್ಲ, ಜೊತೆಗೆ ನಡಿಗೆ ಎಂಬುದು ಅವರ ಕ್ರಮ. ನಮ್ಮ ಶಾಲೆಯ ಅರ್ಧ ಮಾಸ್ತರರು ಅದನ್ನು ಹಿಡಿದರು, ನಾನೂ ಹಿಡಿದೆ. ಎಂಟು ಕಿಲೋ ಇಳಿದೆ. ಆಮೇಲೆ ಲಗ್ನದ ಹಂಗಾಮು ಬಂತು, ಹನ್ನೊಂದು ಕಿಲೋ ಏರಿದೆ. ಕ್ರಮದಲ್ಲಿ ತಪ್ಪಿರಲಿಲ್ಲ, ನಾನು ನಿಲ್ಲಲಿಲ್ಲ. ಏಕೆ ನಿಲ್ಲಲಾಗಲಿಲ್ಲ ಎನ್ನುವುದನ್ನು ಹೈದರಾಬಾದಿನ ಸರ್ಜನ್ ಮೊದಲ ಸಲ ಬಯ್ಯದೆ ಹೇಳಿದರು. ತೂಕ ಇಳಿದಾಗ ದೇಹ ಅದನ್ನು ಬರಗಾಲವೆಂದು ತಿಳಿಯುತ್ತದೆ, ಹಸಿವನ್ನು ಹೆಚ್ಚಿಸುತ್ತದೆ, ಖರ್ಚನ್ನು ತಗ್ಗಿಸುತ್ತದೆ. ಜಪಾನಿನ ವಿಜ್ಞಾನಿಗಳು 1999ರಲ್ಲಿ ಗುರುತಿಸಿದ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಹೆಚ್ಚಾಗಿ ಜಠರದ ಮೇಲುಭಾಗದಲ್ಲೇ ಹುಟ್ಟುತ್ತದೆ. ಸ್ಲೀವ್ ಎಂಬ ಆಪರೇಶನ್ನಿನಲ್ಲಿ ಆ ಭಾಗವನ್ನೇ ತೆಗೆದು, ಬಾಳೆಕಾಯಿಯಷ್ಟು ಸಣ್ಣ ಕೊಳವೆಯನ್ನು ಉಳಿಸುತ್ತಾರೆ. ಆಗ ಹಿಡಿಯುವುದೂ ಕಡಿಮೆ, ಕೇಳುವುದೂ ಕಡಿಮೆ.

ಒಂದು ರಾತ್ರಿ ನಿದ್ದೆಯ ಪರೀಕ್ಷೆ ಮಾಡಿದರು. ಗಂಟೆಗೆ ನಲವತ್ತಕ್ಕಿಂತ ಹೆಚ್ಚು ಸಲ ನನ್ನ ಉಸಿರು ನಿಲ್ಲುತ್ತಿತ್ತು. ಆ ಕಾಗದ ಕೈಯಲ್ಲಿ ಹಿಡಿದಾಗ ಅವ್ವನ ಗೊರಕೆ ಕೇಳಿಸಿದಂತಾಯಿತು. ನಾವು ನಕ್ಕ ಗೊರಕೆ. ಆಪರೇಶನ್ ಮಾಡಿಸಿಕೊಳ್ಳಲು ಒಪ್ಪಿದ್ದು ಆ ದಿನ.

ಒಪ್ಪಿದ ಸುದ್ದಿ ಮೂರು ಊರಿಗೂ ಹಬ್ಬಿತು. ಉದಗೀರದಿಂದ ಅಕ್ಕನ ಫೋನು.

“ಏನs, ಈ ವಯಸ್ಸಿನ್ಯಾಗ ಹೊಟ್ಟಿ ಕೊಯ್ಸಿಕೊಳ್ಳಾಕ ಹೊಂಟೀದಿ? ಉಣ್ಣೋ ಹೊಟ್ಟಿ ಕೊಯ್ಸಿದ್ರ ಅನ್ನಪೂರ್ಣಿ ಸುಮ್ಕ ಇರ್ತಾಳೇನವಾ?”

“ಅಕ್ಕಾ, ಅನ್ನಪೂರ್ಣಿ ಇಷ್ಟ ವರ್ಷ ಭಾಳ ಕೊಟ್ಟಾಳ. ಸಾಕು.”

“ಬೆಂಗಳೂರಾಗ ಆ ಟಿವಿ ಹುಡಿಗಿ ಸತ್ತಳಲ್ಲ, ಮರ್ತೀದೇನ?”

ಮರೆತಿರಲಿಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆಯ ನಟಿಯೊಬ್ಬಳು ತೀರಿಕೊಂಡಿದ್ದಳು. ಆ ಸುದ್ದಿ ನೋಡಿದ ರಾತ್ರಿ ನಾನೂ ಊಟ ಮಾಡಿರಲಿಲ್ಲ. ಆದರೆ ಅದು ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವ, ಅಂದಕ್ಕಾಗಿ ಮಾಡುವ ಕೆಲಸ. ಇದು ಜಠರದ ಶಸ್ತ್ರಚಿಕಿತ್ಸೆ, ಸಕ್ಕರೆಗೆ, ಉಸಿರಿಗೆ, ಆಯುಷ್ಯಕ್ಕೆ ಮಾಡುವಂಥದು. ಎರಡೂ ಬೇರೆ ಎಂದು ಅಕ್ಕನಿಗೆ ಹೇಳಿದೆ. ಹೇಳುವಾಗ ನನ್ನ ದನಿಯೇ ನನಗೆ ಗಟ್ಟಿ ಅನಿಸಲಿಲ್ಲ. ಭಾವ ನಡುವೆ ಫೋನು ಕಸಿದುಕೊಂಡು, 2011ರಲ್ಲಿ ನಿತಿನ್ ಗಡ್ಕರಿಯವರು ಇಂಥದೇ ಆಪರೇಶನ್ ಮಾಡಿಸಿಕೊಂಡರು, ಆರಾಮಾಗಿ ಓಡಾಡುತ್ತಾರೆ ಎಂದರು. “ಅವರು ಮಂತ್ರಿ, ಈಕಿ ಮಾಸ್ತರಬಾಯಿ” ಎಂದು ಅಕ್ಕ ಹಿಂದಿನಿಂದ ಕೂಗಿದಳು.

ಪುಣೆಯಲ್ಲಿರುವ ಮಗಳದು ಬೇರೆ ಮಾತು. ಅಮೆರಿಕದಲ್ಲಿ ವಾರಕ್ಕೊಂದು ಸೂಜಿ ಚುಚ್ಚಿಕೊಂಡು ತೂಕ ಇಳಿಸುತ್ತಾರೆ, ಅದು ಇಲ್ಲಿಗೂ ಬರುತ್ತದಂತೆ, ನಾಲ್ಕು ತಿಂಗಳು ತಡೆಯಬಾರದೇ ಎಂದಳು. ಕೊಯ್ದ ಜಠರ ತಿರುಗಿ ಬರುವುದಿಲ್ಲ, ಆಯಿ. ಎಲ್ಲಕ್ಕಿಂತ ಒಳಗೆ ನಾಟಿದ್ದು ಆ ಮಾತು. ಎದುರು ಮನೆಯವರು, ಬಾಯಿ ಕಟ್ಟಿದರೆ ಆಗುವ ಕೆಲಸಕ್ಕೆ ಇಷ್ಟೊಂದು ರೊಕ್ಕವೇ ಎಂದರು. ರೊಕ್ಕ ಹೆಚ್ಚಿನದು ವಿಮೆಯಿಂದ ಬಂತು. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಮಾಡಿದ ನಿಯಮದ ಪ್ರಕಾರ ಬಿಎಂಐ 40 ದಾಟಿದ್ದರೆ, ಇಲ್ಲವೇ 35 ದಾಟಿ ಜೊತೆಗೆ ದೊಡ್ಡ ಕಾಯಿಲೆಗಳಿದ್ದರೆ, ವೈದ್ಯರ ಸಲಹೆಯ ಮೇಲೆ ಮಾಡಿಸಿಕೊಂಡ ಈ ಶಸ್ತ್ರಚಿಕಿತ್ಸೆಯನ್ನು ಬೊಜ್ಜಿನದೆಂದು ಹೊರಗಿಡುವಂತಿಲ್ಲ. ನಮ್ಮ ಜನಕ್ಕೆ ಇದು ಗೊತ್ತಿಲ್ಲ, ಅದಕ್ಕೇ ಬರೆದೆ.

ನಮ್ಮವರು ಮಾತ್ರ ಏನೂ ಅನ್ನಲಿಲ್ಲ. ಅವರ ಮೌನವೂ ಒಂದು ಅನುಮಾನವೇ ಎಂದು ನಾನು ತಿಳಿದೆ.

ಆಪರೇಶನ್ನಿಗೆ ಎರಡು ವಾರ ಮೊದಲಿನಿಂದ ಬರೀ ನೀರಾಹಾರ. ಪ್ರೋಟೀನಿನ ಪುಡಿ ಕಲಸಿದ ಹಾಲು, ಬೇಳೆಯ ಕಟ್ಟು, ಮಜ್ಜಿಗೆ. ದಪ್ಪ ಇರುವವರ ಯಕೃತ್ತಿನಲ್ಲೂ ಕೊಬ್ಬು ತುಂಬಿ ಅದು ಜಠರದ ಮೇಲೆ ಮಲಗಿರುತ್ತದೆ. ಎರಡು ವಾರದ ಈ ಪಥ್ಯದಿಂದ ಅದು ಕುಗ್ಗಿ ಸರ್ಜನ್ನರಿಗೆ ದಾರಿ ಬಿಡುತ್ತದೆ. ಆ ಎರಡು ವಾರದ ನಡುವೆಯೇ ಡಿಸೆಂಬರ್ 30ಕ್ಕೆ ಎಳ್ಳಮಾವಾಸ್ಯೆ ಬಿದ್ದಿತ್ತು.

ಎಳ್ಳಮಾವಾಸ್ಯೆ ನಮ್ಮ ಸೀಮೆಯ ದೊಡ್ಡ ಹಬ್ಬ. ಲಾತೂರು, ಧಾರಾಶಿವಗಳಲ್ಲಿ ಮರಾಠಿಗರು ಇದನ್ನು ‘ವೇಳ ಅಮಾವಾಸ್ಯಾ’ ಎನ್ನುತ್ತಾರೆ. ಎಳ್ಳು ಅವರ ಬಾಯಲ್ಲಿ ‘ವೇಳ’ ಆಯಿತೆಂದು ತಿಳಿದವರು ಹೇಳುತ್ತಾರೆ. ಆ ದಿನ ಬಜಾರು ಮುಚ್ಚಿ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಜೋಳದ ದಂಟಿನ ಕೊಂಪೆ ಕಟ್ಟಿ, ಸುಣ್ಣ ಹಚ್ಚಿದ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ಅಂಬಲಿ ಚೆಲ್ಲಿ ಬರುತ್ತಾರೆ. ಚೆಲ್ಲುವಾಗ ಕೂಗುವ ಮಾತಿನ ಅರ್ಥವನ್ನು ಮರಾಠಿ ಮಕ್ಕಳು ಅಜ್ಜಂದಿರನ್ನು ಕೇಳುತ್ತಾರೆ. ಅಜ್ಜಂದಿರಿಗೂ ಗೊತ್ತಿರುವುದಿಲ್ಲ. ಅದು ಸವೆದುಹೋದ ಕನ್ನಡ. ಆಮೇಲೆ ಊಟ. ಹಸಿ ತೊಗರಿ, ಬಟಾಣಿ, ಕಡಲೆ ಎಲ್ಲ ಹಾಕಿದ ಭಜ್ಜಿ, ಸಜ್ಜೆಯ ಉಂಡಿ, ಗೋಧಿ ಹುಗ್ಗಿ, ಕುಡಿಕೆಯ ತುಂಬ ಅಂಬಲಿ. ಭಾಷೆ ಹೋದ ಮನೆಗಳಲ್ಲೂ ಈ ಅಡಿಗೆಯ ಹೆಸರುಗಳು ಉಳಿದಿವೆ.

ಆ ಸಲ ನಾನು ಹೊಲದಲ್ಲಿ ಪುಡಿ ಕಲಸಿದ ಹಾಲಿನ ಬಾಟಲಿ ಹಿಡಿದು ಕುಳಿತಿದ್ದೆ. ಮೂವತ್ತು ಜನರ ಪಂಗತಿ. ನಾನೇ ಬಡಿಸಿದೆ. ಬಡಿಸುತ್ತ ಬಡಿಸುತ್ತ ಅನ್ನಿಸಿತು, ಮುಂದಿನ ವರ್ಷ ಇದೆಲ್ಲ ನನ್ನ ಪಾಲಿಗಿಲ್ಲ. ಉಂಡಿ ಹಿಚುಕಿ ಭಜ್ಜಿಯಲ್ಲಿ ಕಲಸಿ, ಬೆರಳು ನೆಕ್ಕುತ್ತ, ಅವ್ವನ ನೆನಪು ತೆಗೆದು ಅಕ್ಕನ ಜೊತೆ ಕನ್ನಡದಲ್ಲಿ ನಗುವ ಆ ಒಂದು ತಾಸು ನನ್ನ ಪಾಲಿಗಿಲ್ಲ. ಕೊಂಪೆಯ ಹಿಂದೆ ಹೋಗಿ ಅತ್ತೆ. ಅಕ್ಕ ಬಂದು ನೋಡಿದಳು. “ಹಂಗಾರ ಬ್ಯಾಡ ಬಿಡs” ಎಂದಳು. ನನಗೆ ಬೇಕಾಗಿದ್ದ ಮಾತು ಅದೇ. ಅದಕ್ಕೇ ನಾನು ಉತ್ತರ ಕೊಡಲಿಲ್ಲ.

ಇಷ್ಟು ಹೊರೆ ಹೊತ್ತು ಆ ರಾತ್ರಿ ಮಲಗಿದ್ದೆ. ಚಪ್ಪಲಿ ಸಿಕ್ಕವು. ಹಾಕಿಕೊಂಡು ಬಾಗಿಲ ತನಕ ಹೋದಾಗ ರಾತ್ರಿಪಾಳಿಯ ನರ್ಸ್ ಎದುರಾದಳು. ನಾನು ಗೊಣಗಿಕೊಳ್ಳುತ್ತಿದ್ದದ್ದು ಕೇಳಿಸಿತೋ ಏನೋ, ಹಿಂದಿ ಬಿಟ್ಟು ಕೇಳಿದಳು.

“ಎಂತ ಅಮ್ಮಾ, ನಿದ್ರೆ ಬರುದಿಲ್ವಾ?”

ಹೈದರಾಬಾದಿನ ಆಸ್ಪತ್ರೆಯಲ್ಲಿ, ಹನ್ನೊಂದೂವರೆ ರಾತ್ರಿಯಲ್ಲಿ, ಕನ್ನಡ! ನಮ್ಮ ಕನ್ನಡವಲ್ಲ, ಆದರೂ ಕನ್ನಡ. ಎಲ್ಲಿಯವಳೆಂದು ಕೇಳಿದೆ. ಬದಿಯಡ್ಕದ ಕಡೆಯವಳು. ಮನೆಮಾತು ಮಲಯಾಳ, ಆಟವಾಡಿದ ಗೆಳತಿಯರೆಲ್ಲ ಕನ್ನಡ, ತುಳು ಮಕ್ಕಳು. ಈ ವಾರ್ಷಿಕದ ಹೆಸರನ್ನು ನಾನು ಮೊದಲು ಕೇಳಿದ್ದೂ ಅವಳ ಬಾಯಲ್ಲೇ. ಅವಳ ಮನೆಗೆ ಇದು ಬರುತ್ತದಂತೆ. ಮೇಲೆ ಬಾಕಿ ಇಟ್ಟ ಎರಡನೆಯ ಕಾರಣ ಇದು.

“ನಿದ್ದಿ ಬರವಲ್ದವ್ವಾ. ಮನಿಗಿ ಹೋಗಬೇಕು ಅನಸ್ತದ” ಎಂದೆ.

ಅವಳು ನಗಲಿಲ್ಲ, ಗದರಲೂ ಇಲ್ಲ. “ಹೋಗುದಾದ್ರೆ ಹೋಗ್ಬಹುದು ಅಮ್ಮಾ. ಸಹಿ ಹಾಕಿದ ಮೇಲೂ ಬೇಡ ಹೇಳ್ಲಿಕ್ಕೆ ಆಗ್ತದೆ. ಬೆಳಿಗ್ಗೆ ಒಳಗೆ ಕರ್ಕೊಂಡು ಹೋಗುವಾಗ ಕೂಡ ಆಗ್ತದೆ. ಆದ್ರೆ ಯಾವುದಕ್ಕೆ ಹೆದರಿಕೆ ಅಂತ ಒಂದು ಕಾಗದದಲ್ಲಿ ಬರೀರಿ. ಬೆಳಿಗ್ಗೆ ಡಾಕ್ಟರ್ ಬರುವಾಗ ಕೇಳುವಾ.” ಎಕ್ಸ್‌ರೇ ಹಾಕಿದ್ದ ದೊಡ್ಡ ಲಕೋಟೆ ಮತ್ತು ತನ್ನ ಪೆನ್ನು ಕೊಟ್ಟು ಹೋದಳು.

ಬೇಡ ಎನ್ನಬಹುದು ಎಂದು ಅಲ್ಲಿಯವರೆಗೆ ಯಾರೂ ನನಗೆ ಹೇಳಿರಲಿಲ್ಲ. ಬಂಧುಗಳು ಬೇಡ ಎನ್ನು ಎಂದಿದ್ದರು, ಅದು ಬೇರೆ. ಬಾಗಿಲು ತೆರೆದೇ ಇದೆ ಎಂದು ಗೊತ್ತಾದ ಮೇಲೆ ಓಡುವ ಅವಸರ ಕಡಿಮೆಯಾಯಿತು. ಮಂಚದ ಮೇಲೆ ಕುಳಿತು ಬರೆಯತೊಡಗಿದೆ. ದಿನವೂ ಬರೆಯುವ ಮರಾಠಿ ಬರಲಿಲ್ಲ. ಅಪ್ಪ ತಿದ್ದಿಸಿದ ಅಕ್ಷರಗಳೇ ಬಂದವು.

ಹದಿಮೂರು ಅನುಮಾನಗಳಾದವು. ಎರಡು ಸಲ ಓದಿದೆ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಅಭ್ಯಾಸ, ಮಗ್ಗುಲಲ್ಲಿ ಗುರುತು ಹಾಕುತ್ತ ಹೋದೆ. ಆಗ ಒಂದು ಸಂಗತಿ ಕಂಡಿತು. ಹದಿಮೂರರಲ್ಲಿ ಐದು ನನ್ನವೇ ಅಲ್ಲ. ಅನ್ನಪೂರ್ಣೆ ಅಕ್ಕನದು, ಬಾಯಿ ಕಟ್ಟುವ ಮಾತು ಎದುರು ಮನೆಯವರದು, ಜನ ಏನೆಂದಾರು ಎಂಬುದಂತೂ ಯಾರದೋ. ಅವುಗಳನ್ನು ಹೊಡೆದುಹಾಕಿದೆ. ಹೊಡೆಯುವಾಗ ಅಕ್ಕನ ಮೇಲೆ ಸಿಟ್ಟು ಬರಲಿಲ್ಲ. ಅವಳ ಹೆದರಿಕೆಯನ್ನು ಅವಳು ನನ್ನಲ್ಲಿ ಇರಿಸಿದ್ದಳು, ಅಷ್ಟೆ.

ನಾಲ್ಕು ಕೇಳಿ ತಿಳಿಯುವಂಥವು. ಸಾಯುತ್ತೇನೆಯೇ? ಹೊಲಿಗೆ ಸೋರಿದರೆ? ಸೂಜಿಗಾಗಿ ಕಾಯಬೇಕಾಗಿತ್ತೇ? ಮತ್ತೆ ದಪ್ಪಗಾದರೆ? ಇವುಗಳ ಮುಂದೆ ‘ಡಾಕ್ಟರ್’ ಎಂದು ಬರೆದೆ.

ಮೂರಕ್ಕೆ ಡಾಕ್ಟರರ ಹತ್ತಿರ ಉತ್ತರವಿಲ್ಲ. ಎಳ್ಳಮಾವಾಸ್ಯೆಯ ಉಂಡಿ. ಅವ್ವನಂಥ ಮೈ ಹೋದರೆ ಕನ್ನಡಿಯಲ್ಲಿ ಅವ್ವ ಕಾಣಿಸುವುದಿಲ್ಲ. ಇಷ್ಟು ವರ್ಷ ದುಡಿದ ಹೊಟ್ಟೆಗೆ ಇದು ದ್ರೋಹವಲ್ಲವೇ. ಇವು ಪ್ರಶ್ನೆಗಳಲ್ಲ, ದುಃಖ. ಯಾವುದನ್ನೋ ಬಿಟ್ಟು ಹೋಗುವಾಗ ಆಗುವ ದುಃಖ. ಲಗ್ನವಾಗಿ ನಿಲಂಗಾ ಬಿಟ್ಟಾಗಲೂ ಅತ್ತಿದ್ದೆ. ಅತ್ತದ್ದರಿಂದ ಲಗ್ನ ತಪ್ಪೆಂದು ಯಾರೂ ಅನ್ನಲಿಲ್ಲ. ಅಷ್ಟು ಹೊತ್ತೂ ನಾನು ಈ ದುಃಖವನ್ನೇ ಬೇಡವೆಂಬ ಸೂಚನೆ ಎಂದು ತಿಳಿದಿದ್ದೆ.

ಕೊನೆಗೆ ಒಂದು ಉಳಿಯಿತು. ಅರವಳಿಕೆಯ ನಿದ್ದೆ. ಮಲಗಿಸಿದ ಮೇಲೆ ಏಳದಿದ್ದರೆ?

ಈ ಹೆದರಿಕೆಯ ಬೇರು ನಮ್ಮ ಸೀಮೆಯಲ್ಲಿದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷವಿದ್ದಾಗ ಕಿಲ್ಲಾರಿಯ ಭೂಕಂಪವಾಯಿತು. ಗಣಪತಿಯನ್ನು ಕಳಿಸಿ ದಣಿದು ಮಲಗಿದ್ದ ಜನ ಕಲ್ಲು-ಮಣ್ಣಿನ ದಪ್ಪ ಗೋಡೆಗಳಡಿ ಹಾಗೇ ಉಳಿದರು. ಹತ್ತು ಸಾವಿರದ ಹತ್ತಿರ ಜೀವ. ಉಮರ್ಗಾದಲ್ಲಿ ನಮ್ಮ ಮನೆ ನಿಂತಿತು, ಸಾಸ್ತೂರು ಕಡೆಯ ಬಂಧುಗಳ ಮನೆ ನಿಲ್ಲಲಿಲ್ಲ. ತಿಂಗಳುಗಟ್ಟಲೆ ನಾವೆಲ್ಲ ಅಂಗಳದಲ್ಲಿ ಮಲಗಿದೆವು. ಆಮೇಲೆ ಅವ್ವನೂ ಅದೇ ಹೊತ್ತಿಗೆ ನಿದ್ದೆಯಲ್ಲಿ ಹೋದಳು. ಇವತ್ತಿಗೂ ಬೆಳಗಿನ ನಾಲ್ಕಕ್ಕೆ ನನಗೆ ಎಚ್ಚರವಾಗುತ್ತದೆ. ಆ ದಿನವೂ ಆಯಿತು. ನಮ್ಮವರು ಎದ್ದು ಕುಳಿತಿದ್ದರು.

“ಇಷ್ಟ ದಿನ ಯಾಕ ಏನೂ ಅನಲಿಲ್ಲ ನೀವು?” ಎಂದು ಕೇಳಿದೆ.

ಬಹಳ ಹೊತ್ತು ಸುಮ್ಮನಿದ್ದರು. “ರಾತ್ರಿ ನಿನ್ನ ಉಸಿರು ನಿಂತಾಗೆಲ್ಲ ನಾ ಎಣಸ್ತಿದ್ದೆ” ಎಂದರು. “ಎಷ್ಟೋ ವರ್ಷಾತು. ಮೆಷಿನ್ ಬಂದ ಮ್ಯಾಲೂ ಎಣಸ್ತೀನಿ. ಹೋಗು ಅಂದ್ರ ನಾ ದೂಡಿದಂಗ ಆಗ್ತದ, ಬ್ಯಾಡ ಅಂದ್ರ ಎಣಸೂದು ತಪ್ಪೂದಿಲ್ಲ.”

ಏಳಕ್ಕೆ ಸರ್ಜನ್ ಬಂದರು. ನರ್ಸ್ ಪಾಳಿ ಮುಗಿದರೂ ನಿಂತಿದ್ದಳು. ಲಕೋಟೆ ನೋಡಿ ನಾನು ಒಂದೊಂದಾಗಿ ಕೇಳಿದೆ. ಅವರು ನಿಂತುಕೊಂಡಿದ್ದವರು ಕುರ್ಚಿ ಎಳೆದು ಕುಳಿತರು. ಸಾವಿನ ಸಂಭವ ಪಿತ್ತಕೋಶದ ಆಪರೇಶನ್ನಿನಷ್ಟೇ, ಸಾವಿರಕ್ಕೆ ಒಬ್ಬರ ಆಸುಪಾಸು, ಸೊನ್ನೆ ಎಂದು ಹೇಳಲಾರೆ ಎಂದರು. ಸೋರುವುದು ನೂರಕ್ಕೆ ಒಬ್ಬರಿಗೆ. ಜ್ವರ, ಎದೆಬಡಿತ, ನೋವು ಬಂದರೆ ತಡಮಾಡದೆ ಬರಬೇಕು. ಎದೆಯುರಿ ಹೆಚ್ಚಾಗಬಹುದು. ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಬದುಕಿರುವವರೆಗೆ. ಐದಾರು ವರ್ಷದಲ್ಲಿ ಸ್ವಲ್ಪ ತೂಕ ಮರಳುವುದು ಬಹಳ ಜನರಿಗೆ ಉಂಟು. ಸೂಜಿ ಒಳ್ಳೆಯದೇ, ಆದರೆ ನಿಲ್ಲಿಸಿದರೆ ತೂಕ ತಿರುಗಿ ಬರುತ್ತದೆ, ಇಷ್ಟು ತೂಕಕ್ಕೆ ಆಪರೇಶನ್ನೇ ಹೆಚ್ಚು ಇಳಿಸುತ್ತದೆ. ಸ್ವೀಡನ್ನಿನಲ್ಲಿ 1987ರಿಂದ ನಾಲ್ಕು ಸಾವಿರ ದಪ್ಪನೆಯ ಜನರನ್ನು ವರ್ಷಗಟ್ಟಲೆ ನೋಡಿದರಂತೆ. ಶಸ್ತ್ರಚಿಕಿತ್ಸೆ ಆದವರಲ್ಲಿ ಸತ್ತವರು ಕಡಿಮೆ ಎಂದು 2007ರಲ್ಲಿ ಪ್ರಕಟಿಸಿದರು. ಮಲಗಿಸುವ ಡಾಕ್ಟರು, ನನ್ನ ಉಸಿರಿನ ಕಾಯಿಲೆ ತಿಳಿದೇ ಸಿದ್ಧವಾಗಿದ್ದೇವೆ, ಉಸಿರಾಟವನ್ನು ಯಂತ್ರ ನೋಡುತ್ತದೆ, ಯಂತ್ರವನ್ನು ನಾನು ನೋಡುತ್ತೇನೆ ಎಂದರು. ಕೊನೆಗೆ ಸರ್ಜನ್, “ಇವತ್ತು ಬೇಡವೆನಿಸಿದರೆ ಮುಂದಿನ ತಿಂಗಳು ಬನ್ನಿ, ನಾನು ಬೇಸರ ಮಾಡಿಕೊಳ್ಳುವುದಿಲ್ಲ” ಎಂದು ಹಿಂದಿಯಲ್ಲಿ ಹೇಳಿದರು.

ನಾನು ನಮ್ಮವರ ಮುಖ ನೋಡಿದೆ. ಆಮೇಲೆ ಹೂಂ ಎಂದೆ. ಹೆದರಿಕೆ ಹೋಗಿರಲಿಲ್ಲ. ಅದನ್ನು ಜೊತೆಗೆ ಕರೆದುಕೊಂಡೇ 8 ಗಂಟೆಗೆ ಒಳಗೆ ಹೋದೆ.

ಮುಂದಿನದು ಚಿಕ್ಕದು. ಎಚ್ಚರಾದಾಗ ಹೊಟ್ಟೆಯ ಮೇಲೆ ಐದು ಸಣ್ಣ ಪಟ್ಟಿಗಳಿದ್ದವು. ಮೂರನೆಯ ದಿನ ಚಮಚದಲ್ಲಿ ನೀರು ಗುಟುಕರಿಸುತ್ತ, ಇದೆಂಥ ಕೆಲಸ ಮಾಡಿಕೊಂಡೆ ಎಂದು ಅತ್ತೆ. ಇದು ಬಹಳ ಜನರಿಗೆ ಆಗುತ್ತದಂತೆ, ಮೊದಲೇ ಗೊತ್ತಿದ್ದರೆ ಒಳ್ಳೆಯದು. ನಾಲ್ಕನೆಯ ತಿಂಗಳು ಕೂದಲು ಉದುರಿತು, ಆಮೇಲೆ ಬಂತು. ಅವಸರದಲ್ಲಿ ನುಂಗಿದ ರೊಟ್ಟಿ ಎರಡು ಸಲ ವಾಂತಿಯಾಯಿತು. ಮಾರ್ಚಿನಲ್ಲಿ ಮಗಳು ಹೇಳಿದ ಹೊಸ ಸೂಜಿ ಭಾರತಕ್ಕೆ ಬಂದೇಬಿಟ್ಟಿತು. ಬಂದಾಗ ಅತಿ ಕಡಿಮೆ ಪ್ರಮಾಣದ ಒಂದು ಶೀಸೆಗೆ 3,500 ರೂಪಾಯಿ, ಅದೂ ವಾರಕ್ಕೊಂದು. ಎರಡೇ ತಿಂಗಳು ಮೊದಲು ಬಂದಿದ್ದರೆ ನಾನು ಅದನ್ನೇ ಹಿಡಿಯುತ್ತಿದ್ದೆನೋ ಏನೋ. ಆ ಅನುಮಾನ ಇಂದಿಗೂ ಒಂದಿಷ್ಟು ಇದೆ. ಇರಲಿ. ಮಾಡಿದ ಪ್ರತಿ ದೊಡ್ಡ ಕೆಲಸದ ಹಿಂದೆ ಮಾಡದ ಇನ್ನೊಂದು ನಿಂತಿರುತ್ತದೆ. ವರ್ಷ ತುಂಬುವ ಹೊತ್ತಿಗೆ 79 ಕಿಲೋ ಆಗಿದ್ದೆ. ಸಕ್ಕರೆಯ ಮಾತ್ರೆ ಒಂದಕ್ಕೆ ಇಳಿದಿತ್ತು. ನಿದ್ದೆಯ ಪರೀಕ್ಷೆ ಮತ್ತೊಮ್ಮೆ ಮಾಡಿ ಮೆಷಿನ್ನು ತೆಗೆದರು. ನಮ್ಮವರು ಈಗ ಎಣಿಸುವುದಿಲ್ಲ, ನನಗಿಂತ ಮೊದಲೇ ಗೊರಕೆ ಹೊಡೆಯುತ್ತಾರೆ.

2025ರ ಡಿಸೆಂಬರಿನ ಎಳ್ಳಮಾವಾಸ್ಯೆಗೆ ಮತ್ತೆ ಹೊಲಕ್ಕೆ ಹೋದೆವು. ಉದಗೀರದಿಂದ ಅಕ್ಕ ಬಂದಿದ್ದಳು. ನಾನು ಪಂಗತಿಯಲ್ಲಿ ಕುಳಿತೆ, ಸಣ್ಣ ತಾಟು ಹಿಡಿದು. ಅರ್ಧ ಉಂಡಿ, ಎರಡು ಚಮಚ ಭಜ್ಜಿ. ಒಂದೊಂದು ತುತ್ತನ್ನೂ ಅಗಿದು ಅಗಿದು ಉಂಡೆ. ಅದಕ್ಕೇ ಏನೋ, ಹಸಿ ತೊಗರಿಯ ರುಚಿ ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಗೊತ್ತಾಗಿರಲಿಲ್ಲ. ಅಕ್ಕ ಹುಗ್ಗಿಯ ಪಾತ್ರೆ ಹಿಡಿದು ಮುಂದೆ ಬಂದು ಸೌಟು ಎತ್ತಿದಳು.

“ಸಾಕಕ್ಕಾ” ಎಂದೆ.

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಎರಡನೆಯ ಸಲ ಕೇಳಲಿಲ್ಲ. ಸೌಟನ್ನು ಪಾತ್ರೆಯೊಳಗೆ ಇಳಿಸಿ, ನನ್ನ ಪಕ್ಕದಲ್ಲೇ ಕುಳಿತು, ಅವ್ವ ಉಂಡಿ ಕಟ್ಟುವಾಗ ಹೇಳುತ್ತಿದ್ದ ಮಾತುಗಳನ್ನು ತೆಗೆದಳು. ಅಂಬಲಿ ಚೆಲ್ಲಿ ಬಂದ ಹುಡುಗರು ಕರೆಯುವವರೆಗೆ ನಾವಿಬ್ಬರೂ ಅಲ್ಲೇ ಕುಳಿತು ಮಾತಾಡಿದೆವು, ಕನ್ನಡದಲ್ಲಿ.